ವೃಕ್ಷರಕ್ಷಣೆಯ ಮುಂದಾಳುಗಳು: ಒಂದು ಸಮೀಕ್ಷೆ

ನಾಯಕತ್ವವೆಂದೊಡನೆ ಸಿಂಹಾಸನವನ್ನೋ ಸಭಾಪೀಠವನ್ನೋ ಸೇನೆಯ ಮುಂಚೂಣಿಯನ್ನೋ ನೆನೆಯುವುದು ಲೋಕದ ರೂಢಿ. ಅಧಿಕಾರ, ವಿದ್ಯೆ, ವಾಗ್ಮಿತೆಗಳಲ್ಲಿ ಒಂದೂ ಇಲ್ಲದವರು ಜನವನ್ನು ಮುನ್ನಡೆಸಬಲ್ಲರೆಂದು ನಂಬಲು ನಮ್ಮ ಬುದ್ಧಿ ಸುಲಭವಾಗಿ ಒಡಂಬಡದು. ಆದರೆ ಭಾರತದಲ್ಲಿ ವೃಕ್ಷರಕ್ಷಣೆಯೆಂಬ ಲೋಕಹಿತಕಾರ್ಯವು ಬೆಳೆದುಬಂದ ಬಗೆಯನ್ನು ಪರಾಮರ್ಶಿಸುವವರಿಗೆ, ಅದರ ನಿರ್ಣಾಯಕ ತಿರುವುಗಳಲ್ಲಿ ಮುಂದೆ ನಿಂತವರು ಗೃಹಿಣಿಯರು, ವಿಧವೆಯರು, ಕೂಲಿಯಾಳುಗಳು, ಹಳ್ಳಿಯ ತರುಣರು ಎಂಬುದು ನಿಚ್ಚಳವಾಗುತ್ತದೆ. ಇವರ ನಡೆ ಮೊದಲು. ರಾಜಾಜ್ಞೆ, ಸಮಿತಿ, ಪ್ರಶಸ್ತಿಗಳೆಲ್ಲ ಅದರ ಹಿಂದೆ ಬಂದವು.

ಈ ಪರಂಪರೆಯ ಮೊದಲ ಉಜ್ಜ್ವಲ ಅಧ್ಯಾಯವು ಮಾರವಾಡದ ಮರುಭೂಮಿಗೆ ಸೇರಿದುದು. ಗುರು ಜಾಂಭೇಶ್ವರರು 1485ರಲ್ಲಿ ಸ್ಥಾಪಿಸಿದ ಬಿಷ್ಣೋಯಿ ಪಂಥವು ತನ್ನ 29 ನಿಯಮಗಳಲ್ಲಿ ಹಸಿರು ಮರವನ್ನು ಕಡಿಯಲಾಗದೆಂಬುದನ್ನೂ ಒಂದಾಗಿ ವಿಧಿಸಿತ್ತು. 1730ರಲ್ಲಿ ಜೋಧಪುರದ ಅರಸ ಅಭಯಸಿಂಹನ ಅರಮನೆಯ ಕಟ್ಟಡಕ್ಕೆ ಸುಣ್ಣ ಸುಡಲು ಸೌದೆ ಬೇಕಾಗಿ ರಾಜಭಟರು ಖೇಜಡ್ಲಿ ಗ್ರಾಮಕ್ಕೆ ಬಂದು, ನಾವು ವಿಜಯದಶಮಿಯಂದು ಪೂಜಿಸುವ ಬನ್ನಿಯ ಮರಗಳಿಗೇ ಕೊಡಲಿಯೆತ್ತಿದಾಗ, ಅಮೃತಾದೇವಿಯೆಂಬ ಗೃಹಿಣಿ ಮರವನ್ನಪ್ಪಿ ನಿಂತು ಪ್ರಾಣವನ್ನರ್ಪಿಸಿದಳು. ಅವಳ ಮೂವರು ಹೆಣ್ಣುಮಕ್ಕಳು ತಾಯಿಯ ದಾರಿಯನ್ನೇ ಹಿಡಿದರು. ಸುದ್ದಿ ಹಬ್ಬಿದಂತೆಲ್ಲ ಸುತ್ತಣ ಊರಿನವರು ಬಂದು ಮರಗಳಿಗೆ ಮೈಯೊಡ್ಡಲು, ಒಟ್ಟು 363 ಮಂದಿ ಹತರಾದರೆಂದು ಆ ಸಮುದಾಯದ ಪರಂಪರೆ ಹೇಳುತ್ತದೆ. ಕೊನೆಗೆ ಅರಸನೇ ತಲೆಬಾಗಿ ಬಿಷ್ಣೋಯಿಗಳ ಊರುಗಳಲ್ಲಿ ಮರ ಕಡಿಯುವುದನ್ನು ನಿಷೇಧಿಸಿದನು. ಇಲ್ಲಿಯ ನಾಯಕತ್ವ ಆತ್ಮಬಲಿಯ ರೂಪದ್ದು. ಅದರ ಬೇರು ಒಂದು ಪಂಥದ ಧರ್ಮಶ್ರದ್ಧೆಯಲ್ಲಿ ಇದ್ದಿತು.

ಬ್ರಿಟಿಷರ ಆಳಿಕೆಯಲ್ಲಿ ಸಮಸ್ಯೆಯ ಸ್ವರೂಪವೇ ಬದಲಾಯಿತು. 1864ರಲ್ಲಿ ಅರಣ್ಯ ಇಲಾಖೆಯೂ 1878ರಲ್ಲಿ ಅರಣ್ಯ ಕಾಯಿದೆಯೂ ಬಂದು, ತಲೆತಲಾಂತರದಿಂದ ಕಾಡನ್ನು ಬಳಸುತ್ತಿದ್ದ ಹಳ್ಳಿಗನು ತನ್ನ ನೆಲದಲ್ಲಿಯೇ ಅತಿಕ್ರಮಿಯೆನಿಸಿದನು. ಸ್ವಾತಂತ್ರ್ಯಾನಂತರವೂ ಈ ವ್ಯವಸ್ಥೆ ಬಹುಮಟ್ಟಿಗೆ ಮುಂದುವರಿಯಿತಾದ್ದರಿಂದ, ಹಿಮಾಲಯದ ಗಢವಾಲದಲ್ಲಿ ಅಸಮಾಧಾನ ಹೊಗೆಯಾಡುತ್ತಲೇ ಇತ್ತು. 1970ರ ಅಲಕನಂದಾ ಪ್ರವಾಹವು ಕಾಡಳಿದರೆ ಗುಡ್ಡ ಕುಸಿಯುವುದೆಂಬ ಸತ್ಯವನ್ನು ಜನರ ಕಣ್ಣೆದುರಿಗೆ ತಂದಿತು. ನೇಗಿಲು ನೊಗಗಳಿಗೆಂದು ಊರವರು ಕೇಳಿದ ಮರವನ್ನು ನಿರಾಕರಿಸಿ, ಅದನ್ನೇ ಆಟದ ಸಾಮಾನು ತಯಾರಿಸುವ ಕಂಪನಿಗೆ ಸರಕಾರ ಕೊಟ್ಟಾಗ, ಚಂಡೀಪ್ರಸಾದ ಭಟ್ಟರ ದಶೋಲಿ ಗ್ರಾಮಸ್ವರಾಜ್ಯ ಸಂಘದ ಪ್ರೇರಣೆಯಿಂದ 1973ರ ಏಪ್ರಿಲಿನಲ್ಲಿ ಮಂಡಲ ಗ್ರಾಮದ ಜನ ಎದ್ದುನಿಂತರು. ಮರಗಳನ್ನಪ್ಪಿ ಕಾಯುವ ಚಿಪ್ಕೋ ಚಳವಳಿಯ ಆರಂಭವಿದು.

ಆದರೆ ಆ ಚಳವಳಿಯ ಶಿಖರವನ್ನು ಮುಟ್ಟಿದವರು ಯಾವ ಸಂಘವೂ ನಾಯಕರೆಂದು ಎಣಿಸದಿದ್ದ ಹೆಂಗಸರು. 1974ರ ಮಾರ್ಚ್ 26ರಂದು ರೇಣಿ ಗ್ರಾಮದ ಗಂಡಸರು ಭೂಪರಿಹಾರದ ಹಣ ಪಡೆಯಲೆಂದು ಚಮೋಲಿಗೆ ಹೋಗಿದ್ದರು. ಆ ಸಮಯ ಸಾಧಿಸಿ ಗುತ್ತಿಗೆದಾರನ ಆಳುಗಳು ಕಾಡಿನತ್ತ ನಡೆದರು. ಅವರನ್ನು ಕಂಡ ಬಾಲಿಕೆಯೊಬ್ಬಳು ಸುದ್ದಿ ಮುಟ್ಟಿಸಿದ್ದು ಮಹಿಳಾ ಮಂಗಲ ದಳದ ಅಧ್ಯಕ್ಷೆಯಾಗಿದ್ದ ಗೌರಾದೇವಿಗೆ. ಚಿಕ್ಕ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು, ಶಾಲೆಯ ಮುಖ ಕಾಣದೆ, ಬೇಸಾಯದಿಂದ ಮಗನನ್ನು ಸಾಕಿದ ಆ ಸಾಧ್ವಿ 27 ಮಂದಿ ಸ್ತ್ರೀಯರನ್ನು ಕೂಡಿಕೊಂಡು ಹೊರಟಳು. ಈ ಕಾಡು ತಮ್ಮ ತವರುಮನೆಯೆಂದು ಆಳುಗಳಿಗೆ ತಿಳಿಯಹೇಳಿದಳು. ಬೈಗುಳಕ್ಕೂ ಬಂದೂಕಿಗೂ ಅಂಜದೆ ರಾತ್ರಿಯೆಲ್ಲ ಕಾವಲಿದ್ದಳು. ಆಳುಗಳು ಹಿಂದಿರುಗಿದರು. ಸರಕಾರ ತಜ್ಞರ ಸಮಿತಿಯನ್ನು ನೇಮಿಸಿತು. ಆ ಪ್ರದೇಶದಲ್ಲಿ ಮರ ಕಡಿಯುವುದು ನಿಂತಿತು. ಖೇಜಡ್ಲಿಯಲ್ಲಿ ಪ್ರಾಣತ್ಯಾಗದಿಂದ ಸಾಧಿತವಾದುದು ರೇಣಿಯಲ್ಲಿ ಧೈರ್ಯ ಮತ್ತು ಸಾಮೋಪಾಯಗಳಿಂದ ಸಾಧಿತವಾಯಿತು.

ಈ ಘಟನೆಯನ್ನು ವಿದ್ವಾಂಸರು ಎರಡು ಬಗೆಯಾಗಿ ವಿವರಿಸಿರುವುದುಂಟು. ವಂದನಾ ಶಿವ ಅವರು 1988ರ ತಮ್ಮ ಗ್ರಂಥದಲ್ಲಿ ಪ್ರಕೃತಿಗೂ ಸ್ತ್ರೀಗೂ ಇರುವ ಬಾಂಧವ್ಯವನ್ನು ಇದರಲ್ಲಿ ಕಂಡರೆ, ರಾಮಚಂದ್ರ ಗುಹಾ ಅವರು 1989ರ ತಮ್ಮ ಕೃತಿಯಲ್ಲಿ ಇದನ್ನು ಅರಣ್ಯದ ಹಕ್ಕಿಗಾಗಿ ನಡೆದ ರೈತಹೋರಾಟಗಳ ದೀರ್ಘಸರಣಿಗೆ ಸೇರಿಸಿದರು. ಕಾಡಿನ ಮೇಲೆ ಯಾರ ಬಾಳು ನಿಂತಿದೆಯೋ ಅವರಲ್ಲಿಯೇ ಅದನ್ನು ಕಾಯುವ ಮುಂದಾಳ್ತನ ಹುಟ್ಟಿತೆಂಬುದಕ್ಕೆ ಎರಡು ಮತಗಳೂ ಸಾಕ್ಷಿಯಾಗಿವೆ.

ಹಿಮಾಲಯದ ಈ ಪ್ರೇರಣೆ ನಮ್ಮ ಸಹ್ಯಾದ್ರಿಗೆ ಬರಲು ತಡವಾಗಲಿಲ್ಲ. ಉತ್ತರ ಕನ್ನಡದಲ್ಲಿ ಸಹಜಾರಣ್ಯವನ್ನು ಕಡಿದು ತೇಗ, ನೀಲಗಿರಿಗಳ ನೆಡುತೋಪುಗಳನ್ನೆಬ್ಬಿಸುತ್ತಿದ್ದ ಕಾಲವದು. ಸೊಪ್ಪಿನ ಗೊಬ್ಬರವನ್ನೂ ಬೆಟ್ಟದ ನೀರನ್ನೂ ನೆಚ್ಚಿದ ಅಡಿಕೆ ತೋಟದವರಿಗೆ ಕಾಡಿನ ಅಳಿವು ತಮ್ಮ ಅಳಿವಾಗಿ ಕಂಡಿತು. 1983ರ ಸೆಪ್ಟೆಂಬರಿನಲ್ಲಿ, ಚಿಪ್ಕೋ ನಾಯಕ ಸುಂದರಲಾಲ ಬಹುಗುಣರ ಮಾತಿನಿಂದಲೂ ಕಾರ್ಯಕರ್ತ ಪಾಂಡುರಂಗ ಹೆಗಡೆಯವರ ದುಡಿಮೆಯಿಂದಲೂ ಹುರುಪುಗೊಂಡ ಶಿರಸಿ ಸೀಮೆಯ ಸಾಲ್ಕಣಿಯ ತರುಣರೂ ಮಹಿಳೆಯರೂ ಕಳಸೆ ಕಾಡಿಗೆ ನಡೆದು ಮರಗಳನ್ನಪ್ಪಿಕೊಂಡರು. 38 ದಿನಗಳ ಸತ್ಯಾಗ್ರಹದ ನಂತರ ಸರಕಾರ ಕಡಿತದ ಆಜ್ಞೆಯನ್ನು ಹಿಂತೆಗೆದುಕೊಂಡಿತು. ಅಪ್ಪಿಕೋ ಎಂದು ಹೆಸರಾದ ಈ ಚಳವಳಿಯ ಉಳಿಸು, ಬೆಳೆಸು, ಬಳಸು ಎಂಬ ಮೂರು ಮಾತುಗಳು ಪ್ರತಿರೋಧಕ್ಕೆ ಪೋಷಣೆಯನ್ನು ಜೋಡಿಸಿದವು. ಈ ಕ್ಷೇತ್ರಕ್ಕೆ ಕನ್ನಡನಾಡಿನ ವಿಶಿಷ್ಟ ಕಾಣಿಕೆಯಿದು.

ಆ ಪೋಷಣೆಯ ಪರಿಪಾಕವನ್ನು ನಾವು ಇಬ್ಬರು ತಾಯಂದಿರಲ್ಲಿ ಕಾಣುತ್ತೇವೆ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ತಿಮ್ಮಕ್ಕನವರು ಮಕ್ಕಳಿಲ್ಲದ ಕೊರಗನ್ನು ಪತಿ ಚಿಕ್ಕಯ್ಯನವರೊಡನೆ ಶ್ರಮವಾಗಿ ಪರಿವರ್ತಿಸಿ, ಕೂಲಿಯ ಬಾಳಿನ ನಡುವೆ ಬಿಂದಿಗೆಗಳಲ್ಲಿ ನೀರು ಹೊತ್ತು, ದನಕರುಗಳ ಬಾಯಿಗೆ ಸಿಕ್ಕದಂತೆ ಮುಳ್ಳಿನ ಬೇಲಿ ಕಟ್ಟಿ, ಕುದೂರಿನವರೆಗಿನ ರಸ್ತೆಯಲ್ಲಿ 385 ಆಲದ ಮರಗಳನ್ನು ಬೆಳೆಸಿದರು. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರು, ಹಾಲಕ್ಕಿ ಸಮುದಾಯದ ಬಡ ಮನೆಯಲ್ಲಿ ಹುಟ್ಟಿ, ತಾಯಿಯೊಡನೆ ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಲ್ಲಿ ದಿನಗೂಲಿಗೆ ಸೇರಿ, ಯಾವ ತಾಯಿಮರದ ಬೀಜವನ್ನು ಯಾವ ಹೊತ್ತಿಗೆ ಆರಿಸಬೇಕೆಂಬ ಜ್ಞಾನವನ್ನು ಕೈಗೆಲಸದಿಂದಲೇ ಸಂಪಾದಿಸಿದರು. ವಿದ್ಯಾವಂತ ಅರಣ್ಯಾಧಿಕಾರಿಗಳು ಅಕ್ಷರವರಿಯದ ಆಕೆಯಿಂದ ಕಲಿತರು. ಇವರ ಎದುರಿಗೆ ಶತ್ರುವಿರಲಿಲ್ಲ, ಹಿಂದೆ ಅನುಯಾಯಿಗಳ ಗುಂಪೂ ಇರಲಿಲ್ಲ. ದಶಕಗಳ ನಿತ್ಯಕರ್ಮವೇ ಇವರ ನಾಯಕತ್ವ. ತಿಮ್ಮಕ್ಕನವರಿಗೆ 2019ರಲ್ಲಿ ಪದ್ಮಶ್ರೀ ದೊರೆಯಿತು. ತುಳಸಿ ಗೌಡರು 2021ರಲ್ಲಿ ಬರಿಗಾಲಿನಲ್ಲಿ ರಾಷ್ಟ್ರಪತಿಭವನಕ್ಕೆ ಹೋಗಿ ಅದೇ ಗೌರವವನ್ನು ಸ್ವೀಕರಿಸಿದರು.

ಬಲಿದಾನದಿಂದ ಪ್ರತಿರೋಧಕ್ಕೆ, ಪ್ರತಿರೋಧದಿಂದ ಪೋಷಣೆಗೆ ಸಾಗಿಬಂದ ಈ ಚರಿತ್ರೆಯ ಮುಂದಿನ ಹೆಜ್ಜೆ ಯಾವುದೆಂಬುದು ಈಗಿನ ಪ್ರಶ್ನೆ. ತಿಮ್ಮಕ್ಕನವರಿಗೆ ಪದ್ಮಶ್ರೀ ಸಂದ 2019ರಲ್ಲಿಯೇ ಅವರ ಮರಗಳಿಗೆ ರಸ್ತೆ ಅಗಲೀಕರಣದ ಭೀತಿಯೊದಗಿ, ಆ ವೃದ್ಧೆ ಮುಖ್ಯಮಂತ್ರಿಗೆ ಮೊರೆಯಿಡಬೇಕಾಯಿತೆಂಬುದನ್ನು ನೆನೆದರೆ, ಆದರ್ಶವ್ಯಕ್ತಿಗಳನ್ನು ಸನ್ಮಾನಿಸುವುದಕ್ಕೂ ಅವರನ್ನು ಅನುಸರಿಸುವುದಕ್ಕೂ ನಡುವೆ ಇರುವ ಅಂತರ ಎಷ್ಟೆಂಬುದು ವೇದ್ಯವಾಗುತ್ತದೆ. ಖೇಜಡ್ಲಿಯ ಜನ ಅಮೃತಾದೇವಿಯನ್ನು ಹೊಗಳುತ್ತ ನಿಲ್ಲಲಿಲ್ಲ, ತಾವೂ ಒಂದೊಂದು ಮರಕ್ಕೆ ಹೋಗಿ ನಿಂತರು. ಮುಂದೆ ನಡೆದವರಿಗೆ ಹಿಂದೆ ನಡೆಯುವವರು ಸಲ್ಲಿಸಬೇಕಾದ ಗೌರವ ಅದೊಂದೇ. ನಮ್ಮ ಊರಿನ ರಸ್ತೆಯ ಮರ, ನಮ್ಮ ಊರಿನ ಬೆಟ್ಟದ ಕಾಡು ನಮ್ಮ ಕೈಯಿಂದ ಉಳಿದರೆ ಮಾತ್ರ ಆ ಋಣ ಸಂದಾಯವಾದೀತು.