ಬೂತಿನಿಂದ ದಿಂಬಿನವರೆಗೆ

ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿ. 1990ರ ದಶಕದಲ್ಲಿ ಚನ್ನಗಿರಿ, ಹೊನ್ನಾಳಿಗಳು ಇನ್ನೂ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗಕ್ಕೆ ಸೇರಿತ್ತು. ಆಗ ಪರಊರಿಗೆ ಫೋನ್ ಮಾಡಬೇಕೆಂದರೆ ಬಹುತೇಕರಿಗೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತೇ ಗತಿ. ರಾತ್ರಿ ಹನ್ನೊಂದರ ಮೇಲೆ ಕಾಲು ದರವೆಂದು ಜನ ನಿದ್ದೆಗೆಟ್ಟು ಕಾಯುತ್ತಿದ್ದರು. ಎದುರಿಗೆ ಮೀಟರಿನ ಕೆಂಪು ಅಂಕಿ ಏರುತ್ತಿದ್ದರೆ ಮಾತು ತಾನಾಗಿ ಮೊಟಕಾಗುತ್ತಿತ್ತು.

1995ರ ಜುಲೈ 31ರಂದು ಕಲ್ಕತ್ತ-ದೆಹಲಿ ನಡುವೆ ದೇಶದ ಮೊದಲ ಮೊಬೈಲ್ ಕರೆ ನಡೆಯಿತು. 2007-08ರಲ್ಲಿ ಐಫೋನ್, ಆಂಡ್ರಾಯ್ಡ್ ಫೋನ್‌ಗಳು ಬಂದವು. ಆದರೆ ನಮ್ಮ ತಾಲ್ಲೂಕುಗಳಿಗೆ ನಿಜವಾದ ತಿರುವು 2016ರ ಸೆಪ್ಟೆಂಬರ್: ಜಿಯೋ ಬಂದು ಡೇಟಾ ಅಗ್ಗವಾಯಿತು, ಮೀಟರು ಕಣ್ಣಿಂದ ಮರೆಯಾಯಿತು. ಮುಂದೆ ನ್ಯಾಮತಿ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾಯಿತು. 2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ಫೋನೇ ಮಕ್ಕಳ ಸ್ಲೇಟಾಯಿತು. ಪಾಠ ಮುಗಿದ ಮೇಲೂ ಅದು ಕೈಯಲ್ಲೇ ಉಳಿಯಿತು.

ಇದಕ್ಕೆ ದೇಹ ತೆರುವ ಬೆಲೆ ಎಷ್ಟು? ನಮ್ಮ ತಲೆಯ ತೂಕ ಸುಮಾರು 5 ಕಿಲೋ. ಕತ್ತನ್ನು 60 ಡಿಗ್ರಿ ಬಗ್ಗಿಸಿದರೆ ಬೆನ್ನುಮೂಳೆಯ ಮೇಲ್ಭಾಗದ ಮೇಲೆ ಸುಮಾರು 27 ಕಿಲೋ ಭಾರ ಬೀಳುತ್ತದೆಂದು 2014ರಲ್ಲಿ ನ್ಯೂಯಾರ್ಕಿನ ಶಸ್ತ್ರವೈದ್ಯ ಕೆನೆತ್ ಹನ್ಸ್‌ರಾಜ್ ಲೆಕ್ಕ ಹಾಕಿದರು. ಇದು ಗಣಿತದ ಮಾದರಿ, ಮನುಷ್ಯರನ್ನು ಅಳೆದದ್ದಲ್ಲ. ಆದರೂ ನಿಮ್ಮ ಕತ್ತಿಗೆ ಅದು ಗೊತ್ತು. ಪರದೆ ನೋಡುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. ಹಗಲು ಬೆಳಕಿನಲ್ಲಿ ಹೆಚ್ಚು ಹೊತ್ತು ಆಡುವ ಮಕ್ಕಳಿಗೆ ಸಮೀಪದೃಷ್ಟಿ ದೋಷ ಕಡಿಮೆಯೆಂದು ಅಧ್ಯಯನಗಳು ತೋರಿಸಿವೆ. ಆ ಹೊತ್ತನ್ನೇ ಫೋನು ತಿನ್ನುತ್ತಿದೆ. ರಾತ್ರಿಯ ನೀಲಿ ಬೆಳಕು ನಿದ್ದೆಗೆ ಸನ್ನೆ ಕೊಡುವ ಮೆಲಟೋನಿನ್ ರಸವನ್ನು ತಗ್ಗಿಸುತ್ತದೆ. ಆದರೆ ಅದಕ್ಕಿಂತ ದೊಡ್ಡ ನಷ್ಟ, ‘ಇನ್ನೊಂದು ವಿಡಿಯೊ’ ಎಂದು ನಾವೇ ಮುಂದೂಡುವ ನಿದ್ದೆ.

ಮನಸ್ಸಿನ ಮಾತು ಇಷ್ಟು ಸರಳವಲ್ಲ. ಬೇಸರಕ್ಕೆ ಫೋನು ಕಾರಣವೋ, ಬೇಸರಗೊಂಡವರು ಫೋನು ಹಿಡಿಯುತ್ತಾರೋ ಎಂಬ ವಾದ ಇನ್ನೂ ನಡೆದಿದೆ. ಟಿ.ವಿ.ಯವನಾದ ನನಗೆ ಇಂಥ ಆರೋಪ ಹೊಸದಲ್ಲ; ಒಂದು ಕಾಲಕ್ಕೆ ನಮ್ಮ ಪೆಟ್ಟಿಗೆಯನ್ನೂ ಹೀಗೇ ಬೈದರು. ಆದರೆ ನಮ್ಮ ಪೆಟ್ಟಿಗೆ ಹಾಸಿಗೆಯೊಳಗೆ ಬರುತ್ತಿರಲಿಲ್ಲ. ತಾಂತ್ರಿಕತೆಯ ವಿಪರೀತ ಬಳಕೆಯಿಂದ ನರಳುವವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ‘ಶಟ್’ ಎಂಬ ಚಿಕಿತ್ಸಾಲಯ ತೆರೆಯಿತು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಗೆ ‘ಗೇಮಿಂಗ್ ಡಿಸಾರ್ಡರ್’ ಸೇರಿತು. ‘ಮೊಬೈಲ್ ಚಟ’ ಎಂಬ ಹೆಸರಿನ ರೋಗ ಮಾತ್ರ ಆ ಪಟ್ಟಿಯಲ್ಲಿಲ್ಲ.

ಬೂತಿನ ಆ ಕೆಂಪು ಅಂಕಿ ಈಗಲೂ ಒಂದು ಕಡೆ ಓಡುತ್ತಿದೆ. 2018ರಿಂದೀಚೆಗೆ ಐಫೋನ್, ಆಂಡ್ರಾಯ್ಡ್ ಎರಡರಲ್ಲೂ ಪರದೆಯ ಸಮಯ ತೋರಿಸುವ ಪುಟ ಬಂದಿದೆ. ಸೆಟ್ಟಿಂಗ್ಸ್ ತೆರೆದು, ನಿನ್ನೆ ರಾತ್ರಿ ಹನ್ನೊಂದರ ನಂತರ ಎಷ್ಟು ನಿಮಿಷವಾಗಿದೆ ನೋಡಿ.