ಇದು ಜೋಳವೇ? ಉಪಗ್ರಹ ಪಾಠಗಳ ಒಂದು ಚರಿತ್ರೆ



ಇಂದು ನೀವು ಮೊಬೈಲಿನಲ್ಲೇ ಪಾಠ ನೋಡುತ್ತೀರಿ. ಎಲ್ಲೋ ದೂರದ ಊರಿನ ಅಧ್ಯಾಪಕರು ನಿಮ್ಮ ಅಂಗೈಯಲ್ಲಿ ಬಂದು ವಿವರಿಸುತ್ತಾರೆ. ಅರ್ಥವಾಗದಿದ್ದರೆ ಇನ್ನೊಮ್ಮೆ ನೋಡುತ್ತೀರಿ. ಆಗಲೂ ಅರ್ಥವಾಗದಿದ್ದರೆ? "ನನಗೇ ತಲೆಗೆ ಹತ್ತುವುದಿಲ್ಲ" ಎಂದು ನಿಮ್ಮನ್ನೇ ಹಳಿದುಕೊಳ್ಳುತ್ತೀರಿ, ಅಲ್ಲವೇ? ಹಾಗೆ ಅಂದುಕೊಳ್ಳುವ ಮೊದಲು ಸ್ವಲ್ಪ ಹಿಂದಿನ ಕಥೆ ಕೇಳಿ. ಕೊರತೆ ನಿಮ್ಮಲ್ಲಲ್ಲ, ಪಾಠದಲ್ಲೇ ಇರಬಹುದು.

1969ರಲ್ಲಿ ನಮ್ಮ ದೇಶದಲ್ಲಿ ದೂರದರ್ಶನ ಇದ್ದದ್ದು ದೆಹಲಿಯಲ್ಲಿ ಮಾತ್ರ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಭಾರತದ ಅಣುಶಕ್ತಿ ಇಲಾಖೆಯೂ ಅಮೆರಿಕದ ನಾಸಾ ಸಂಸ್ಥೆಯೂ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ನಗರಗಳಿಂದ ಹಳ್ಳಿಗಳಿಗೆ ನಿಧಾನವಾಗಿ ಹರಡುವ ಬದಲು, ದೂರದರ್ಶನ ಉಪಗ್ರಹದ ಮೂಲಕ ನೇರವಾಗಿ ಹಳ್ಳಿಗೇ ಇಳಿಯಬೇಕು ಎಂಬುದು ವಿಕ್ರಂ ಸಾರಾಭಾಯಿಯವರ ಆಲೋಚನೆ. ಅವರು 1971ರಲ್ಲಿ ತೀರಿಕೊಂಡರು. ತಮ್ಮ ಕನಸು ನನಸಾದುದನ್ನು ನೋಡಲಿಲ್ಲ.

1975ರ ಆಗಸ್ಟ್ 1ರಂದು ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗ, ಅಂದರೆ 'ಸೈಟ್', ಆರಂಭವಾಯಿತು. ನಾಸಾದ ಎ.ಟಿ.ಎಸ್.-6 ಉಪಗ್ರಹ ಭೂಮಿಯಿಂದ ಸುಮಾರು 36,000 ಕಿ.ಮೀ. ಎತ್ತರದಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಚಿತ್ರವನ್ನು ಕಳಿಸತೊಡಗಿತು. ಹಳ್ಳಿಯಲ್ಲಿ ಅದನ್ನು ಹಿಡಿಯಲು ತಂತಿಬಲೆಯಿಂದ ಮಾಡಿದ, ಮೂರು ಮೀಟರ್ ಅಗಲದ ಆಂಟೆನಾ. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಪಾಠ, ಸಂಜೆ ಊರಿನ ಎಲ್ಲರಿಗೂ ಕಾರ್ಯಕ್ರಮ. ಕರ್ನಾಟಕದಲ್ಲಿ ಇದಕ್ಕೆ ಆಯ್ಕೆಯಾದ ಜಿಲ್ಲೆಗಳು ಆಗಿನ ಬಿಜಾಪುರ, ಗುಲ್ಬರ್ಗಾ ಮತ್ತು ರಾಯಚೂರು. ಬೆಂಗಳೂರಿನವರು ತಮ್ಮ ಊರಲ್ಲಿ ದೂರದರ್ಶನ ನೋಡಲು 1981ರವರೆಗೆ ಕಾಯಬೇಕಾಯಿತು. ಬಿಜಾಪುರದ ಹಳ್ಳಿಯ ಮಕ್ಕಳು ಅದಕ್ಕೆ ಆರು ವರ್ಷ ಮೊದಲೇ ನೋಡಿದ್ದರು!

ಎಂಜಿನಿಯರುಗಳ ಮುಂದಿದ್ದ ಪ್ರಶ್ನೆಗಳಿಗೆ ಉತ್ತರ ಸಿಕ್ಕಿತು. ಕಾರ್ಯಕ್ರಮ ತಯಾರಕರ ಮುಂದಿದ್ದ ಪ್ರಶ್ನೆ ಇನ್ನೂ ಕಠಿಣವಾದದ್ದು. ಹಿಂದಿ, ಒರಿಯಾ, ತೆಲುಗು, ಕನ್ನಡ ಹೀಗೆ ನಾಲ್ಕು ಭಾಷೆ. ಆದರೆ ಬದುಕಿನ ರೀತಿಗಳು ನಾಲ್ಕೇ ಅಲ್ಲ. ರಾಜಸ್ಥಾನದ ಮರಳುನಾಡಿಗೂ ಬಿಹಾರದ ಬಯಲಿಗೂ ಮಧ್ಯಪ್ರದೇಶದ ಕಾಡಂಚಿಗೂ ಹೋಗುತ್ತಿದ್ದುದು ಹಿಂದಿಯ ಕಾರ್ಯಕ್ರಮವೇ. ಕನ್ನಡ ಕಾರ್ಯಕ್ರಮಗಳನ್ನು ಸಿದ್ಧಪಡಿಸುವ ಹೊಣೆ ಹೈದರಾಬಾದಿನ ಕೇಂದ್ರದ್ದು. ತೆಲುಗಿನ ಹೊಣೆಯೂ ಅದರದ್ದೇ. ಉಪಗ್ರಹವು ಒಂದು ಚಿತ್ರದೊಡನೆ ಎರಡು ಧ್ವನಿಗಳನ್ನು ಒಟ್ಟಿಗೆ ಕಳಿಸಬಲ್ಲದಾಗಿತ್ತು. ಅಂದರೆ ಚಿತ್ರವನ್ನು ಹಾಗೇ ಇಟ್ಟು ಮಾತನ್ನು ಮಾತ್ರ ಬದಲಿಸಲು ಯಂತ್ರ ಸಿದ್ಧವಿತ್ತು. ಮಾತು ಬದಲಾದ ಮಾತ್ರಕ್ಕೆ ಪಾಠ ನಮ್ಮದಾಗುತ್ತದೆಯೇ?

ಇಸ್ರೋ ಈ ಪ್ರಶ್ನೆಯನ್ನು ಬದಿಗೆ ಸರಿಸಲಿಲ್ಲ. ವಿಜ್ಞಾನಿಗಳ ಜೊತೆಗೆ ಸಮಾಜ ವಿಜ್ಞಾನಿಗಳನ್ನೂ ಸೇರಿಸಿಕೊಂಡಿತು. ಅವರಲ್ಲಿ ಕೆಲವರು ಹಳ್ಳಿಗಳಲ್ಲೇ ತಂಗಿ, ಜನ ಏನನ್ನು ನೋಡುತ್ತಾರೆ, ಏನು ಅರ್ಥವಾಗುತ್ತದೆ, ಏನು ಆಗುವುದಿಲ್ಲ ಎಂದು ಗಮನಿಸಿದರು. ಅದೇ ವರ್ಷ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಇನ್ನೊಂದು ಪ್ರಯೋಗ ಆರಂಭವಾಯಿತು. ಪಿಜ್ ಎಂಬ ಹಳ್ಳಿಯಲ್ಲಿ ಒಂದು ಸಣ್ಣ ಪ್ರಸಾರ ಕೇಂದ್ರ. ಕಾರ್ಯಕ್ರಮಗಳೆಲ್ಲ ಸುತ್ತಲಿನ ಊರುಗಳಿಗಾಗಿ, ಅಲ್ಲಿನ ಆಡುಮಾತಿನಲ್ಲಿ. ಕಾರ್ಯಕ್ರಮ ರೂಪಿಸುವ ಮೊದಲು ಹಳ್ಳಿಗರನ್ನೇ ಕೇಳುತ್ತಿದ್ದರು; ಪಾತ್ರ ಮಾಡಲೂ ಹಳ್ಳಿಗರೇ ಮುಂದೆ ಬರುತ್ತಿದ್ದರು. 1984ರಲ್ಲಿ ಖೇಡಾ ಯೋಜನೆಗೆ ಯುನೆಸ್ಕೋದ ಗ್ರಾಮೀಣ ಸಂವಹನ ಪ್ರಶಸ್ತಿ ದೊರೆಯಿತು.

ಅದೇ 1984ರ ಆಗಸ್ಟ್ 15ರಂದು ವಿಶ್ವವಿದ್ಯಾಲಯ ಅನುದಾನ ಆಯೋಗದ 'ಕಂಟ್ರಿವೈಡ್ ಕ್ಲಾಸ್‌ರೂಮ್' ದೂರದರ್ಶನದಲ್ಲಿ ಆರಂಭವಾಯಿತು. ಚಿಕ್ಕ ಊರುಗಳ ಕಾಲೇಜು ವಿದ್ಯಾರ್ಥಿಗಳಿಗೂ ಒಳ್ಳೆಯ ಪಾಠ ಸಿಗಬೇಕೆಂಬುದು ಅದರ ಉದ್ದೇಶ. ಆದರೆ ಪಾಠಗಳು ಬಂದದ್ದು ಇಂಗ್ಲಿಷಿನಲ್ಲಿ. ಖೇಡಾ ಕಲಿಸಿದ್ದನ್ನು ಎಷ್ಟು ಬೇಗ ಮರೆತೆವು ನೋಡಿ.

ಪರರ ತಪ್ಪನ್ನು ಎಣಿಸುವುದು ಸುಲಭ. ನನ್ನದನ್ನೂ ಹೇಳುತ್ತೇನೆ. ನಾನು ಬಿ.ಎಸ್ಸಿ. ಓದಿ ಕಾರ್ಯಕ್ರಮ ನಿರ್ಮಾಣಕ್ಕೆ ಬಂದವನು. ವಿಜ್ಞಾನ ಎಲ್ಲೆಡೆಯೂ ಒಂದೇ ಎಂದು ನಂಬಿದ್ದವನು. ಒಮ್ಮೆ ಹೂವಿನ ಭಾಗಗಳ ಬಗ್ಗೆ ಪಾಠ ಮಾಡಿಸಿದೆವು. "ಜೋಳದಲ್ಲಿ ಗಂಡು ಹೂ ಗಿಡದ ತುದಿಯಲ್ಲಿರುತ್ತದೆ, ಹೆಣ್ಣು ಹೂ ಪಕ್ಕದಲ್ಲಿ, ಎಲೆಯ ಬುಡದಲ್ಲಿರುತ್ತದೆ" ಎಂದು ವಿವರಣೆ. ಚಿತ್ರವೂ ಸೊಗಸಾಗಿತ್ತು. ಮುಂದೆ ವಿಜಯಪುರ ಜಿಲ್ಲೆಯ ಒಂದು ಶಾಲೆಗೆ ಹೋದಾಗ ಏಳನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು.

"ಸರ್, ನೀವು ತೋರ್ಸಿದ್ದು ಜ್ವಾಳ ಅಲ್ರಿ, ಗೋವಿನಜ್ವಾಳ. ನಮ್ಮ ಹೊಲದಾಗ ಜ್ವಾಳ ಐತ್ರಿ. ಅದರಾಗ ಹಂಗಿಲ್ಲ."

ಆಕೆ ಹೇಳಿದ್ದು ಅಕ್ಷರಶಃ ಸರಿ. ಮೈಸೂರು–ಬೆಂಗಳೂರಿನ ಕಡೆ ಬೆಳೆದ ನಮಗೆ 'ಜೋಳ' ಎಂದರೆ ಕಣ್ಣ ಮುಂದೆ ಬರುವುದು ಸಿಪ್ಪೆ ಹೊದ್ದ ಮುಸುಕಿನ ಜೋಳ. ಅವಳಿಗೆ ಜೋಳ ಎಂದರೆ ದಿನವೂ ರೊಟ್ಟಿ ಬಡಿಯುವ ಬಿಳಿಜೋಳ. ಬಿಳಿಜೋಳದಲ್ಲಿ ಗಂಡು, ಹೆಣ್ಣು ಭಾಗಗಳೆರಡೂ ಒಂದೇ ತೆನೆಯ ಹೂವಿನಲ್ಲಿ ಕೂಡಿಯೇ ಇರುತ್ತವೆ. ಪಾಠ ಕನ್ನಡದಲ್ಲೇ ಇತ್ತು, ವ್ಯಾಕರಣವೂ ತಪ್ಪಿರಲಿಲ್ಲ. ಆದರೂ ಅವಳ ಊರಿನಲ್ಲಿ ಅದು ತಪ್ಪು ವಿಜ್ಞಾನವಾಗಿತ್ತು. ತರಗತಿಯ ಉಳಿದ ಮಕ್ಕಳು ನಾವು ಹೇಳಿದಂತೆಯೇ ಬರೆದುಕೊಂಡಿದ್ದರು. ಹೊಲದಲ್ಲಿ ತಾವೇ ಕಂಡದ್ದಕ್ಕಿಂತ ತೆರೆಯಲ್ಲಿ ನಾವು ಹೇಳಿದ್ದು ದೊಡ್ಡದು ಎಂದು ಅವರು ನಂಬಿದ್ದರು. ವಿಜ್ಞಾನದ ಪಾಠವೊಂದು ಮಕ್ಕಳಿಗೆ ತಮ್ಮ ಕಣ್ಣನ್ನೇ ನಂಬಬೇಡಿ ಎಂದು ಕಲಿಸಿದರೆ, ಅದಕ್ಕಿಂತ ಹಾನಿ ಬೇರೆ ಇಲ್ಲ.

ಈಗ ಸಾಧನಗಳು ಬಹಳ ಬೆಳೆದಿವೆ. 2017ರಲ್ಲಿ ಆರಂಭವಾದ 'ಸ್ವಯಂ' ಮತ್ತು 'ದೀಕ್ಷಾ' ಜಾಲಗಳಲ್ಲಿ ಸಾವಿರಾರು ಪಾಠಗಳಿವೆ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಚಂದನ ವಾಹಿನಿಯೇ ಎಷ್ಟೋ ಮಕ್ಕಳ ತರಗತಿಯಾಯಿತು. ಒಂದು ಭಾಷೆಯ ಪಾಠವನ್ನು ಯಂತ್ರವೇ ಕ್ಷಣದಲ್ಲಿ ಇನ್ನೊಂದು ಭಾಷೆಗೆ ತರುತ್ತದೆ. ಆದರೆ ನಿಮ್ಮ ಊರಿನ ಜೋಳ ಯಾವುದೆಂದು ಯಂತ್ರಕ್ಕೆ ಹೇಳುವವರು ಯಾರು? ಸೈಟ್ ಕಾಲದಲ್ಲಿ ಅದಕ್ಕಾಗಿ ಜನ ಹಳ್ಳಿಗೇ ಹೋಗಿ ಕುಳಿತಿದ್ದರು. ಉಪಗ್ರಹ 1976ರ ಜುಲೈ 31ರ ನಂತರ ನಮಗೆ ಸಿಗಲಿಲ್ಲ. ಕೇಳಿ ತಿಳಿಯುವ ಆ ಪದ್ಧತಿಯನ್ನಾದರೂ ನಾವು ಉಳಿಸಿಕೊಳ್ಳಬಹುದಾಗಿತ್ತು.

ಆದ್ದರಿಂದ ನಿಮಗೊಂದು ಕೆಲಸ. ಈ ವಾರ ನೋಡಿದ ಯಾವುದಾದರೂ ಒಂದು ಪಾಠದಿಂದ ಐದು ವಸ್ತುಗಳ ಹೆಸರನ್ನು ಬರೆದುಕೊಳ್ಳಿ. ಮನೆಯಲ್ಲಿ ಅಜ್ಜಿಯನ್ನೋ ಹೊಲದಲ್ಲಿ ದುಡಿಯುವವರನ್ನೋ ಕೇಳಿ: ನಮ್ಮ ಕಡೆ ಇದಕ್ಕೆ ಏನೆನ್ನುತ್ತಾರೆ? ಆ ಹೆಸರಿನದು ಇದೇ ವಸ್ತುವೋ, ಬೇರೆಯದೋ? ವ್ಯತ್ಯಾಸ ಕಂಡರೆ ಸುಮ್ಮನಿರಬೇಡಿ. ವಿಜಯಪುರದ ಆ ಹುಡುಗಿಯ ಹಾಗೆ ಎದ್ದು ನಿಂತು ಹೇಳಿ. ಅವಳು ಹೇಳಿದ ಮೇಲೆ ನಾವು ಆ ಪಾಠವನ್ನು ತಿದ್ದಿದೆವು. ಈಗ ಅದರಲ್ಲಿ ಎರಡು ಜೋಳಗಳೂ ಇವೆ.