ಕಡತಗಳೂ ಮೈಸೂರು ಸಂಸ್ಥಾನದ ರಾಜ್ಯಲೇಖ್ಯಗಳೂ

ಕನ್ನಡ ನಾಡಿನ ಇತಿಹಾಸಕ್ಕೆ ಶಿಲಾಶಾಸನಗಳೂ ತಾಮ್ರಪಟಗಳೂ ಮೊದಲನೆಯ ಆಧಾರಗಳೆಂಬುದು ಸರ್ವವಿದಿತವಾದುದು. ಲೂಯಿ ರೈಸ್ ಪಂಡಿತನು 1886ರಲ್ಲಿ ಪ್ರಾರಂಭಿಸಿದ ಎಪಿಗ್ರಾಫಿಯ ಕರ್ಣಾಟಿಕ ಸಂಪುಟಗಳಲ್ಲಿ ಸುಮಾರು ಒಂಬತ್ತು ಸಾವಿರ ಶಾಸನಗಳು ಬೆಳಕಿಗೆ ಬಂದುವು. ಆದರೆ ಯಾವ ರಾಜನೂ ತನ್ನ ರಾಜ್ಯವನ್ನು ಕಲ್ಲಿನ ಮೇಲೆ ಬರೆದು ಆಳಲಿಲ್ಲ. ಕಲ್ಲಿನ ಮೇಲೆ ಬರೆಯಿಸಿದುದು ಬಹುಮಟ್ಟಿಗೆ ದತ್ತಿ. ಆಚಂದ್ರಾರ್ಕವಾಗಿ ನಿಲ್ಲಬೇಕೆಂದು ಕೊಟ್ಟವನೂ ಪಡೆದವನೂ ಬಯಸಿದ ವಿಷಯ. ಊರೂರಿನಿಂದ ಎಷ್ಟು ಕಂದಾಯ ಬಂದಿತು, ಎಷ್ಟು ಬಾಕಿ ನಿಂತಿತು, ಯಾರ ಅರ್ಜಿಗೆ ಏನು ನಿರೂಪ ಹೋಯಿತು ಎಂಬಿವೆಲ್ಲವೂ ಬೇರೊಂದು ವಸ್ತುವಿನ ಮೇಲೆ ಬರೆಯಲ್ಪಡುತ್ತಿದ್ದುವು. ಆ ವಸ್ತುವೇ ಕಡತ. ಈಗ ಸರಕಾರಿ ಕಚೇರಿಗಳಲ್ಲಿ ಕಾಗದದ ಕಟ್ಟಿಗೂ ಇದೇ ಹೆಸರು ಸಲ್ಲುತ್ತಿದೆ. ಹೆಸರು ಉಳಿದು ವಸ್ತು ಮರೆಯಾಗಿದೆ.

ಶಬ್ದವು ಪ್ರಾಚೀನವಾದುದು. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ‘ಕಡಿತವೆರ್ಗಡೆ’ ಎಂಬ ಅಧಿಕಾರಿಯ ಹೆಸರು ಕಂಡುಬರುತ್ತದೆ. ಲೆಕ್ಕಪತ್ರಗಳ ಮೇಲ್ವಿಚಾರಣೆಯೇ ಒಂದು ದೊಡ್ಡ ಹುದ್ದೆಯಾಗಿದ್ದಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ. ಅಂದಿನ ಸೇನಬೋವನೇ ಅನಂತರದ ಕಾಲದ ಶ್ಯಾನುಭೋಗ.

ಕಡತದ ರಚನೆಯನ್ನು ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸನು 1810ರಲ್ಲಿ ಅಚ್ಚಾಗತೊಡಗಿದ ತನ್ನ ಇತಿಹಾಸಗ್ರಂಥದಲ್ಲಿ ಕಣ್ಣಾರೆ ಕಂಡವನಂತೆ ವಿವರಿಸಿರುವನು. ಎಂಟು ಅಂಗುಲದಿಂದ ಒಂದು ಅಡಿಯವರೆಗೆ ಅಗಲ, ಹನ್ನೆರಡರಿಂದ ಹದಿನೆಂಟು ಅಡಿ ಉದ್ದ ಇರುವ ಹತ್ತಿಯ ಬಟ್ಟೆಗೆ ಎರಡು ಮಗ್ಗುಲಲ್ಲಿಯೂ ಅಂಟಿನಲ್ಲಿ ಕಲಸಿದ ಇದ್ದಲಿನ ಪುಡಿಯನ್ನು ಲೇಪಿಸುವರು. ನಮ್ಮಲ್ಲಿ ಈ ಅಂಟು ಹುಣಿಸೆಬೀಜದ್ದು. ಒಣಗಿದ ಮೇಲೆ ಬಟ್ಟೆಯನ್ನು ಕತ್ತರಿಸದೆ ಮಡಿಕೆಮಡಿಕೆಯಾಗಿ ಮಡಿಸಿ, ಎರಡು ಕೊನೆಗಳಿಗೂ ತೆಳುವಾದ ಹಲಗೆಗಳನ್ನು ಅಂಟಿಸುವರು. ಆಗ ಅದು ಪುಸ್ತಕದಂತೆ ತೋರುವುದು. ಬರೆಯುವುದು ಬಳಪದಿಂದ, ಕಪ್ಪಿನ ಮೇಲೆ ಬಿಳಿಯ ಅಕ್ಷರ. ಸರಕಾರದವರಲ್ಲದೆ ವರ್ತಕರೂ ಅಂಗಡಿಕಾರರೂ ಇದನ್ನೇ ಬಳಸುತ್ತಿದ್ದರು.

ಕಡತದ ಗುಣದೋಷಗಳೆರಡೂ ಈ ರಚನೆಯಲ್ಲಿಯೇ ಅಡಗಿವೆ. ಬಟ್ಟೆಯು ಬಹುಕಾಲ ಬಾಳುವಂಥದು. ಅದರ ಬಾಳಿಕೆಯನ್ನು ವಿಲ್ಕ್ಸನೇ ಹೊಗಳಿರುವನು. ಆದರೆ ಅಕ್ಷರವು ಬಾಳಬೇಕೆಂಬ ನಿಯಮವಿಲ್ಲ. ಬೆರಳಿನಿಂದ ಉಜ್ಜಿದರೆ ಅಳಿಯುವುದು. ಅಳಿಸಿದೆಡೆಯಲ್ಲಿ ಮತ್ತೆ ಬರೆಯಬಹುದು. ತಾಮ್ರಪಟದಲ್ಲಿ ಒಂದಕ್ಷರ ತಿದ್ದಿದರೂ ಸುತ್ತಿಗೆಯ ಗುರುತು ಉಳಿಯುವುದು. ಕಡತದಲ್ಲಿ ತಿದ್ದಿದವನ ಗುರುತೇ ಉಳಿಯದು. ಆದಕಾರಣ ಲೆಕ್ಕ ಚುಕ್ತವಾದ ಮೇಲೆ ಅದೇ ಬಟ್ಟೆಯ ಮೇಲೆ ಮತ್ತೊಂದು ವರ್ಷದ ಲೆಕ್ಕ ಏರುತ್ತಿದ್ದುದು ಸಹಜವೇ. ಪೂರ್ವದ ಪ್ರಭುಗಳು ಕೊಟ್ಟುದು ನಮಗೆ ಚೆನ್ನಾಗಿ ತಿಳಿದಿರುವುದಕ್ಕೂ ಅವರು ತೆಗೆದುಕೊಂಡುದು ಅಷ್ಟಾಗಿ ತಿಳಿಯದಿರುವುದಕ್ಕೂ ಲೇಖನಸಾಮಗ್ರಿಯ ಈ ಭೇದವೇ ಮುಖ್ಯ ಕಾರಣವೆಂದು ಹೇಳಬಹುದು. ಶಾಸನಗಳಲ್ಲಿ ತೆರಿಗೆಗಳ ಹೆಸರುಗಳು ಇಲ್ಲದಿಲ್ಲ; ಆದರೆ ಅವು ಹೆಚ್ಚಾಗಿ ಬರುವುದು ಮಾನ್ಯವಾಗಿ ಬಿಟ್ಟ ತೆರಿಗೆಗಳಾಗಿ.

ಚಿಕ್ಕದೇವರಾಜ ಒಡೆಯರು (1673–1704) ರಾಜ್ಯದ ಕಾರ್ಯಭಾರವನ್ನು ಹದಿನೆಂಟು ಚಾವಡಿಗಳಾಗಿ ವಿಂಗಡಿಸಿದುದು ಪ್ರಸಿದ್ಧವಾಗಿದೆ. ಔರಂಗಜೇಬನ ಆಸ್ಥಾನಕ್ಕೆ ಹೋಗಿದ್ದ ರಾಯಭಾರಿಗಳು 1700ರಲ್ಲಿ ಹಿಂದಿರುಗಿದ ತರುವಾಯ ಅಲ್ಲಿಯ ಮಾದರಿಯಿಂದ ಈ ಏರ್ಪಾಡು ಆಯಿತೆಂದು ಹೇಳುವುದುಂಟು. ಅಠಾರ ಕಚೇರಿ ಎಂಬ ಹೆಸರು ಈ ಮಾತಿಗೆ ಅನುಕೂಲವಾಗಿಯೇ ಇದೆ. ಒಳಗಿನ ಹೆಸರುಗಳಾದರೋ ಬೇರೆ ಕಥೆ ಹೇಳುತ್ತವೆ: ಅರ್ಜಿಗಳನ್ನು ಸ್ವೀಕರಿಸಿ ಅಪ್ಪಣೆಗಳನ್ನು ಹೊರಡಿಸುವ ನಿರೂಪದ ಚಾವಡಿ, ಸೈನ್ಯದ ಲೆಕ್ಕವನ್ನಿಡುವ ಆಯಕಟ್ಟಿನ ಚಾವಡಿ, ಸುಂಕದ ಚಾವಡಿ, ಬೇಹಿನ ಚಾವಡಿ, ಅರಮನೆಯ ದನಕರುಗಳಿಗಾಗಿ ಬೆಣ್ಣೆ ಚಾವಡಿ, ಹೊಗೆಸೊಪ್ಪಿನ ಚಾವಡಿ. ಹೆಸರುಗಳಲ್ಲಿ ಬಹುಪಾಲು ದೇಶೀಯವಾದವು. ವ್ಯವಸ್ಥೆಯ ಆಕಾರವು ಹೊರಗಿನಿಂದ ಬಂದಿರಲಿ, ಬರೆಯುವ ಕೈಯೂ ಬರೆಯಿಸಿಕೊಳ್ಳುವ ಕಡತವೂ ಮೊದಲಿನವೇ ಆಗಿದ್ದುವೆಂದು ಊಹಿಸುವುದು ಯುಕ್ತ.

ಈ ಲೇಖ್ಯರಾಶಿಗೆ ಬಂದ ವಿಪತ್ತನ್ನು ಕುರಿತು ವಿಲ್ಕ್ಸನು ತನ್ನ ಪೀಠಿಕೆಯಲ್ಲಿ ಒಂದು ವೃತ್ತಾಂತವನ್ನು ಹೇಳಿರುವನು. ಟಿಪ್ಪು ಸುಲ್ತಾನನ ಕಾಲದಲ್ಲಿ ಅರಮನೆಯನ್ನು ತೆರವು ಮಾಡಿದಾಗ ಅಲ್ಲಿದ್ದ ಓಲೆ ಕಡತಗಳನ್ನು ಕುದುರೆಗಳ ಹುರುಳಿ ಬೇಯಿಸುವುದಕ್ಕೆ ಉರುವಲಾಗಿ ಕಳುಹಿಸಲು ಅಪ್ಪಣೆಯಾಯಿತಂತೆ. ಅಲ್ಪಭಾಗ ಮಾತ್ರ ಉಪಾಯದಿಂದ ಉಳಿಯಿತಂತೆ. ವಿಲ್ಕ್ಸನು ಟಿಪ್ಪುವಿನ ಶತ್ರುಪಕ್ಷದವನೆಂಬುದನ್ನು ಮರೆಯದೆ ಈ ಮಾತನ್ನು ತೂಗಬೇಕು. ಮೈಸೂರು ಅರಸರ ವಂಶಾವಳಿಯನ್ನು ಕನ್ನಡ ಗ್ರಂಥಗಳಿಂದ ಪಾರಸಿಗೆ ಟಿಪ್ಪುವಿನ ಆಜ್ಞೆಯಿಂದ ಭಾಷಾಂತರಿಸಲಾಯಿತೆಂದು ಬರೆದಿರುವ ಹಸ್ತಪ್ರತಿಯೊಂದನ್ನು ಉಪಯೋಗಿಸಿಕೊಂಡವನೂ ವಿಲ್ಕ್ಸನೇ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ನೋಡುವುದು ವಿಮರ್ಶಕನ ಕರ್ತವ್ಯ.

ಶ್ರೀರಂಗಪಟ್ಟಣವು 1799ನೆಯ ಮೇ 4ರಂದು ಬಿದ್ದಿತು. ಸುಲ್ತಾನನ ಪುಸ್ತಕಭಂಡಾರದ ಸುಮಾರು 2000 ಗ್ರಂಥಗಳು ಇಂಗ್ಲಿಷರ ಕೈಸೇರಿದುವು. ಚಾರ್ಲ್ಸ್ ಸ್ಟೂಅರ್ಟನು 1809ರಲ್ಲಿ ಅವುಗಳ ಪಟ್ಟಿಯನ್ನು ಅಚ್ಚುಹಾಕಿಸಿದನು. ಪಾರಸಿ ಪತ್ರಗಳಲ್ಲಿ ಆಯ್ದವನ್ನು ಕರ್ಕ್‌ಪ್ಯಾಟ್ರಿಕ್ಕನು 1811ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದನು. ಕನ್ನಡ ಲೆಕ್ಕದ ಕಡತಗಳಿಗೆ ಇಂಥ ಪಟ್ಟಿಕಾರನು ದೊರೆಯಲಿಲ್ಲ. ಟಿಪ್ಪುವಿನ ಕಾಲದಲ್ಲಿಯೂ ಮಂತ್ರಿಯಾಗಿದ್ದ ಪೂರ್ಣಯ್ಯನೇ ಹೊಸ ಸಂಸ್ಥಾನದ ದಿವಾನನಾದುದರಿಂದ ಕಂದಾಯದ ಕ್ರಮವು ತಪ್ಪಲಿಲ್ಲ. ಹಳೆಯ ಲೆಕ್ಕವನ್ನು ನೋಡಿಯೇ ಹೊಸ ಲೆಕ್ಕ ನಡೆಯಿತು. ಆದರೆ ಉಪಯೋಗಕ್ಕೆ ಬೇಕಾದಷ್ಟು ಕಾಲ ಇಟ್ಟುಕೊಳ್ಳುವುದು ಬೇರೆ, ಕಾಪಾಡುವುದು ಬೇರೆ.

ಕಾಪಾಡಿದವರು ಯಾರೆಂಬುದು 1916ರಲ್ಲಿ ಸ್ಪಷ್ಟವಾಯಿತು. ಮೈಸೂರು ಪ್ರಾಕ್ತನವಿಮರ್ಶೆಯ ಇಲಾಖೆಯ ಮುಖ್ಯಾಧಿಕಾರಿಗಳಾಗಿದ್ದ ಆರ್. ನರಸಿಂಹಾಚಾರ್ಯರು ಶೃಂಗೇರಿಯ ಮಠದಲ್ಲಿ ಟಿಪ್ಪು ಸುಲ್ತಾನನು ಸ್ವಾಮಿಗಳಿಗೆ ಕನ್ನಡದಲ್ಲಿ ಬರೆಯಿಸಿದ ಇಪ್ಪತ್ತಕ್ಕೂ ಮಿಕ್ಕ ನಿರೂಪಗಳನ್ನು ಕಂಡರು. 1791ರಲ್ಲಿ ಮರಾಠರ ಕುದುರೆ ಸವಾರರು ಮಠವನ್ನು ಸೂರೆಗೊಂಡುದೂ, ಶಾರದಾಂಬೆಯ ಪುನಃಪ್ರತಿಷ್ಠೆಗೆ ನಗರದ ಆಸಫನ ಮೂಲಕ 200 ರಹತಿ ನಗದನ್ನು ಕೊಡಿಸಲು ಅಪ್ಪಣೆಯಾದುದೂ ಈ ಪತ್ರಗಳಿಂದಲೇ ತಿಳಿದುಬಂದಿತು. ಸರಕಾರದ ಅತ್ಯಂತ ಮುಖ್ಯವಾದ ಈ ಲೇಖ್ಯಗಳು ದೊರೆತುದು ಬರೆದವರ ದಫ್ತರದಲ್ಲಿ ಅಲ್ಲ, ಪಡೆದವರ ಪೆಟ್ಟಿಗೆಯಲ್ಲಿ. ಇಲ್ಲಿಯೂ ಉಳಿದುದು ಕೊಟ್ಟ ಕಥೆಯೇ.

ತೆಗೆದುಕೊಂಡ ಕಥೆಯ ಕೊನೆಯ ತುಣುಕುಗಳು ಶ್ಯಾನುಭೋಗರ ಮನೆಗಳಲ್ಲಿದ್ದುವು. ವಂಶಪಾರಂಪರ್ಯವಾದ ಆ ಹುದ್ದೆಯಲ್ಲಿ ಊರಿನ ದಫ್ತರವೂ ಮನೆಯ ಆಸ್ತಿಯೂ ಒಂದೇ ಅಟ್ಟದ ಮೇಲೆ ಇರುತ್ತಿದ್ದುವು; ಯಾವುದು ಸರಕಾರದ್ದು, ಯಾವುದು ಮನೆಯದು ಎಂದು ಕೇಳುವ ಪ್ರಸಂಗವೇ ಇರಲಿಲ್ಲ. 1961ರ ಗ್ರಾಮಾಧಿಕಾರ ರದ್ದಿಯಾತಿಯ ಶಾಸನವು 1963ನೆಯ ಫೆಬ್ರವರಿ 1ರಿಂದ ಜಾರಿಗೆ ಬಂದಾಗ ಆ ಪ್ರಶ್ನೆ ಬಂದಿತು. ಚಾಲ್ತಿಯ ಲೆಕ್ಕಗಳು ಕಚೇರಿಗೆ ಸಲ್ಲಬೇಕಾದುವು. ಕಪ್ಪು ಬಟ್ಟೆಯ ಕಡತದಿಂದ ಹೊಸ ಗ್ರಾಮಲೆಕ್ಕಿಗನಿಗೆ ಆಗಬೇಕಾದ ಕೆಲಸವೇನೂ ಇರಲಿಲ್ಲ. ರಾಜ್ಯ ಪತ್ರಾಗಾರ ಇಲಾಖೆಯು ಸ್ಥಾಪಿತವಾದುದು ಅದಕ್ಕೆ ಹತ್ತು ವರ್ಷಗಳ ಅನಂತರ, 1973ರಲ್ಲಿ. 1892ಕ್ಕೆ ಹಿಂದಿನ ಲೇಖ್ಯಗಳನ್ನು, ಉಪಯೋಗಕ್ಕೆ ಬಾರದಷ್ಟು ಕೆಟ್ಟಿದ್ದ ಹೊರತು, ನಾಶಪಡಿಸಕೂಡದೆಂದು ಕೇಂದ್ರ ಸರಕಾರವು 1993ರಲ್ಲಿ ಶಾಸನ ಮಾಡಿತು. ಆ ನಿಷೇಧವು ಕೇಂದ್ರದ ಕಚೇರಿಗಳ ದಫ್ತರಕ್ಕೆ ಸಂಬಂಧಿಸಿದುದು. ಅಟ್ಟದ ಮೇಲಿನ ಕಡತಕ್ಕೆ ಅದು ತಗಲುವುದಿಲ್ಲ.